ಹಿತ್ತಲಲ್ಲಿ ಬಾಡಿಗೆ ಮನೆ ಕಟ್ಟೋಕೆ ಒಡವೆ ಅಡ ಇಡಬೇಡಿ

ಭತ್ತದ ಒಟ್ಲು ಬಗ್ಗೆ ಬರೀಬೇಕು ಅಂತಿದ್ದೆ, ಅದು ಮುಂದಿನ ವಾರಕ್ಕಿರಲಿ. ಮೊನ್ನೆ ಪಕ್ಕದೂರಿನ ಹುಡುಗನೊಬ್ಬ ಮೊಬೈಲಲ್ಲಿ ಪ್ಲಾನು ಹಿಡ್ಕೊಂಡು ಬಂದ. ಹಿತ್ತಲಲ್ಲಿ ಎರಡು ಮನೆ, ಒಂದೊಂದು ಮೂರು ಚದರ, ಮೇಲೆ ಮೋಲ್ಡ್. "ಅಣ್ಣ, ಬೆಳೆ ನಂಬಂಗಿಲ್ಲ. ಬಾಡಿಗೆ ಅಂದ್ರೆ ನಿಂತ ದುಡ್ಡು. ಅವ್ವನ ಒಡವೆ ಅಡ ಇಟ್ಟು, ಸೊಸೈಟಿ ಬೆಳೆಸಾಲ ಸೇರಿಸಿ ಪಾಯ ಹಾಕಿಸ್ತೀನಿ, ನೀವು ಕಟ್ಸಿದ್ದೀರಲ್ಲ, ಏನಂತೀರಿ?" ಅಂದ. ಹೋದ ತಿಂಗಳಿಂದ ಹೀಗೆ ಕೇಳಿದವರಲ್ಲಿ ಇವನು ನಾಲ್ಕನೆಯವನು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ. ಕೋಪ ಬಂದ್ರೆ ಬರಲಿ.

ಸಾಲ ಮಾಡಿ ಕಟ್ಟಬೇಡಿ. ಅದರಲ್ಲೂ ಒಡವೆ ಇಟ್ಟು, ಬೆಳೆಸಾಲ ತಿರುಗಿಸಿ ಕಟ್ಟಲೇಬೇಡಿ.

ನಾನು ಕಟ್ಟಿದ್ದು 2019ರಲ್ಲಿ. ಮೂರು ಚದರ, ಒಂದು ಹಾಲು, ಅಡುಗೆ ಜಾಗ, ಹಿಂದೆ ಬಚ್ಚಲು ಕಕ್ಕಸು. ಮೇಸ್ತ್ರಿ ನಾಲ್ಕು ಲಕ್ಷಕ್ಕೆ ಮುಗಿಸ್ತೀನಿ ಅಂದಿದ್ದ. ಸೈಜುಗಲ್ಲು, ಕಬ್ಬಿಣ, ಎಂ-ಸ್ಯಾಂಡು, ಗುಂಡಿ, ವೈರಿಂಗು ಎಲ್ಲಾ ಸೇರಿ 5,10,000 ಆಯ್ತು. ಇದರಲ್ಲಿ 1,50,000 ಬೆಳೆಸಾಲದ್ದು, 2,60,000 ಮನೆಯಾಕೆ ಒಡವೆ ಮೇಲೆ ತಂದದ್ದು, ಉಳಿದ ಲಕ್ಷ ಮಾತ್ರ ಹೊಗೆಸೊಪ್ಪು, ಭತ್ತ ಮಾರಿದ ಸ್ವಂತದ್ದು. ಖಾಸಗಿ ಶಾಲೆ ಮೇಷ್ಟ್ರೊಬ್ಬರು ಬಾಡಿಗೆಗೆ ಬಂದ್ರು, ತಿಂಗಳಿಗೆ 2,000. ಊರಲ್ಲಿ ಎದೆ ಉಬ್ಬಿಸ್ಕೊಂಡು ಓಡಾಡ್ದೆ, ಸುಳ್ಳು ಯಾಕೆ ಹೇಳಲಿ.

ಲೆಕ್ಕ ಹಾಕಿದ್ದು ಆಮೇಲೆ. ಮೊದಲೇ ಹಾಕಬೇಕಿತ್ತು. ತಿಂಗಳಿಗೆ 2,000 ಅಂದ್ರೆ ವರ್ಷಕ್ಕೆ 24,000. ಎರಡು ತಿಂಗಳು ಖಾಲಿ ಅಂತ ಹಿಡೀರಿ, 20,000. ಕಂದಾಯ, ಸುಣ್ಣ, ನಲ್ಲಿ ರಿಪೇರಿಗೆ 3,000 ಹೋಯ್ತು. ಕೈಗೆ ಸಿಕ್ಕಿದ್ದು 17,000. ಹಾಕಿದ ದುಡ್ಡಿಗೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ಒಡವೆ ಸಾಲದ ಬಡ್ಡಿ ನೂರಕ್ಕೆ ಹನ್ನೆರಡು, ವರ್ಷಕ್ಕೆ 31,200. ಅಂದ್ರೆ ಮನೆ ತುಂಬಿರುವಾಗಲೂ, ಬಾಡಿಗೆ ಸರಿಯಾಗಿ ಬರುವಾಗಲೂ, ಅರ್ಧ ಸಾಲದ ಬಡ್ಡಿಗೇ ಕೈಯಿಂದ 14,200 ಹಾಕ್ಬೇಕು. ಅಸಲು ಹಾಗೇ ಕೂತಿರುತ್ತೆ. ಇದನ್ನ ನಿಂತ ದುಡ್ಡು ಅಂತೀರಾ?

ಬೆಳೆಸಾಲದ್ದು ಬೇರೆ ಕಥೆ. ಸೊಸೈಟಿ ಸಾಲಕ್ಕೆ ಬಡ್ಡಿ ಸೊನ್ನೆ, ನಿಜ. ಈಗಂತೂ 5 ಲಕ್ಷದವರೆಗೆ ಏರಿಸಿದ್ದಾರೆ. ಆದರೆ ಸೊನ್ನೆ ಇರೋದು ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಭತ್ತಕ್ಕೆ ಹಾಕಿದ ದುಡ್ಡು ಸುಗ್ಗಿಗೆ ವಾಪಸ್ ಬರುತ್ತೆ, ಗೋಡೆಗೆ ಹಾಕಿದ್ದು ಬರುತ್ತಾ? ವರ್ಷ ತುಂಬಿದಾಗ ರಿನ್ಯೂವಲ್‌ಗೆ ಅಂತ ಕೈಸಾಲ ತಂದೆ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಹದಿನೈದು ದಿನದಲ್ಲಿ ಹೊಸ ಸಾಲ ಆಗುತ್ತೆ ಅಂದಿದ್ರು, ಎರಡು ತಿಂಗಳಾಯ್ತು. ಒಂದೂವರೆ ಲಕ್ಷಕ್ಕೆ 9,000 ಬಡ್ಡಿ ತೆತ್ತೆ, ಸೊನ್ನೆ ಬಡ್ಡಿ ಸಾಲಕ್ಕೆ! ದನದ ಶೆಡ್ಡು ಅಂತ ಬರೆಸಿ ಶೇ 3ರ ಬಡ್ಡಿಯ ದೀರ್ಘಾವಧಿ ಸಾಲ ತಗೊಂಡು ಮನೆ ಕಟ್ಟೋ ಐಡಿಯಾ ಕೊಡೋರೂ ಇದ್ದಾರೆ. ಕೊಟ್ಟ ಉದ್ದೇಶಕ್ಕೆ ಬಳಸಿಲ್ಲ ಅಂತ ಗೊತ್ತಾದ ದಿನ ಆ ರಿಯಾಯಿತಿ ಹೋಗುತ್ತೆ. ಐಡಿಯಾ ಕೊಟ್ಟವನು ಬಂದು ಕಟ್ಟಲ್ಲ.

2020ರ ಮಾರ್ಚಲ್ಲಿ ಲಾಕ್‌ಡೌನ್ ಆಯ್ತು. ಶಾಲೆ ಮುಚ್ತು, ಮೇಷ್ಟ್ರಿಗೆ ಸಂಬಳ ನಿಂತ್ತು. ಬಾಡಿಗೆ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಕೇಳಿದ್ರೂ ಅವರ ಹತ್ರ ಇರಲಿಲ್ಲ. ಜೂನಲ್ಲಿ ಅವರು ಊರಿಗೆ ಹೋದ್ರು. ಅಲ್ಲಿಂದ ಒಂದೂವರೆ ವರ್ಷ ಮನೆ ಖಾಲಿ. ಒಡವೆ ಎರಡು ಸಲ ಬಡ್ಡಿ ಕಟ್ಟಿ ಉಳಿಸ್ಕೊಂಡೆ. ಮೂರನೇ ವರ್ಷ ಹರಾಜಿನ ನೋಟಿಸು ಬಂತು. ಹತ್ತು ಲೀಟರು ಕರೀತಿದ್ದ ಹಸು ಮಾರಿ, ಭತ್ತದ ದುಡ್ಡೂ ಸುರಿದು ಎರಡೆಳೆ ಸರ ಬಿಡಿಸ್ಕೊಂಡೆ. ಬಳೆ ಬಿಡಿಸೋಕಾಗಲಿಲ್ಲ, ಹರಾಜಾಯ್ತು. ಅವು ಅವಳ ತೌರಿನ ಬಳೆ. ಅವಳು ಅವತ್ತೂ ಏನೂ ಅನ್ನಲಿಲ್ಲ, ಇವತ್ತಿಗೂ ಅಂದಿಲ್ಲ. ಮದುವೆ ಮನೆಗೆ ಹೊರಟಾಗ ಗಾಜಿನ ಬಳೆ ತೊಡ್ತಾಳೆ, ನಾನು ಆ ಕಡೆ ನೋಡಲ್ಲ. ಆ ಹಸು ಇದ್ದಿದ್ರೆ ಡೇರಿ ಬಟವಾಡೆ ಈ ಬಾಡಿಗೆಗಿಂತ ಜಾಸ್ತಿ ಇರೋದು, ಹಿಂಡಿ ಬೂಸಾ ಕಳೆದೂ.

"ನಿನ್ನ ಹಣೆಬರಹ, ಕೊರೋನಾ ಬಂತು" ಅಂತೀರಿ. ಕೊರೋನಾ ಬರದಿದ್ರೂ ಕಳ್ಕೊಳ್ತಿದ್ದೆ ಕಣ್ರಪ್ಪ, ಸ್ವಲ್ಪ ನಿಧಾನವಾಗಿ. ಮೇಲಿನ ಲೆಕ್ಕ ಇನ್ನೊಂದು ಸಲ ಓದಿ.

"ಹಾಗಾದ್ರೆ ಬ್ಯಾಂಕಲ್ಲಿ ಹೌಸಿಂಗ್ ಲೋನು ತಗೋತೀವಿ, ಬಡ್ಡಿ ಕಮ್ಮಿ" ಅನ್ನೋರಿಗೆ ಒಂದು ಪ್ರಶ್ನೆ: ನಿಮ್ಮ ಹಿತ್ತಲು ಗ್ರಾಮಠಾಣದ ಒಳಗಿದೆಯೋ, ಸರ್ವೆ ನಂಬರಿನ ಜಮೀನೋ? ನಮ್ಮ ಕಡೆ ಮುಂಬಾಗಿಲು ಗ್ರಾಮಠಾಣದಲ್ಲಿ, ಹಿತ್ತಲು ಬಾಗಿಲು ಸರ್ವೆ ನಂಬರಲ್ಲಿ ಇರೋ ಮನೆಗಳು ಎಷ್ಟಿಲ್ಲ! ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬಂದ್ರೆ ಬ್ಯಾಂಕಿನವರು ಮಾತಾಡಿಸ್ತಾರೆ. 11ಬಿ ಹಿಡ್ಕೊಂಡು ಹೋದ್ರೆ ಫೈಲು ಮುಚ್ಚಿ ಕೊಡ್ತಾರೆ. ಜಮೀನಲ್ಲಿ ತೋಟದ ಮನೆ ಕಟ್ಬಹುದಲ್ಲ ಅಂದ್ರೆ, ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಹಿಡುವಳಿಯ ನೂರಕ್ಕೆ ಹತ್ತರಷ್ಟು ಜಾಗದವರೆಗೆ ಅವಕಾಶ ಇರೋದು ಬೇಸಾಯದವನ ಮನೆಗೆ. ಊರವರಿಗೆ ಬಾಡಿಗೆ ಕೊಡೋ ಸಾಲುಮನೆಗಲ್ಲ. ಅದಕ್ಕೆ ಭೂಪರಿವರ್ತನೆ ಮಾಡಿಸಬೇಕು.

ಪರಿವರ್ತನೆ ಮಾಡಿಸಿದ್ರೆ ಏನು ಕಳ್ಕೊಳ್ತೀರಿ ಗೊತ್ತಾ? ಇದನ್ನ ಯಾವ ಏಜೆಂಟೂ ಹೇಳಲ್ಲ. 2002ರ ಸರ್ಫೇಸಿ ಕಾಯ್ದೆ ಅಂತ ಒಂದಿದೆ. ಸಾಲ ಕಟ್ಟದವರ ಅಡಮಾನದ ಆಸ್ತಿಯನ್ನ ಬ್ಯಾಂಕು ದಾವೆ ಹೂಡದೆಯೇ, 60 ದಿನದ ನೋಟಿಸು ಕೊಟ್ಟು ವಶಕ್ಕೆ ತಗೊಂಡು ಹರಾಜು ಹಾಕೋಕೆ ಅದರಲ್ಲಿ ಅಧಿಕಾರ ಇದೆ. ಅದರ 31ನೇ ಕಲಮು ಕೃಷಿ ಜಮೀನನ್ನ ಹೊರಗಿಟ್ಟಿದೆ. ನಮ್ಮಂಥೋರಿಗೆ ಇರೋ ಒಂದು ಬೇಲಿ ಅದು. ಹಿತ್ತಲನ್ನ ಪರಿವರ್ತನೆ ಮಾಡಿಸಿ ಲೋನಿಗೆ ಬರೆದುಕೊಟ್ಟ ದಿನ ಆ ಬೇಲಿಯನ್ನ ನೀವೇ ಕಿತ್ತು ಹಾಕಿದ ಹಾಗೆ. ಎರಡು ಸಾವಿರ ಬಾಡಿಗೆಗೆ!

ಇನ್ನು ಸಂಘದ ಸಾಲ. ಬಾಡಿಗೆ ತಿಂಗಳಿಗೊಂದು ಸಲ ಬರುತ್ತೆ, ಕಂತು ವಾರಕ್ಕೊಂದು ಸಲ. ಹೊಗೆಸೊಪ್ಪಿನ ದುಡ್ಡು ಹರಾಜು ಕಟ್ಟೆ ಶುರುವಾದ ಮೇಲೆ, ಭತ್ತದ್ದು ಸುಗ್ಗಿಗೆ. ಮಧ್ಯದ ವಾರಗಳಲ್ಲಿ ಎಲ್ಲಿಂದ ತರ್ತೀರಿ? ಕಿರುಸಾಲ ವಸೂಲಿಯ ಕಾಟಕ್ಕೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ರು ಅಂತಲೇ 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿದ್ದು. ನಮ್ಮ ಜಿಲ್ಲೆಯಲ್ಲೂ ಆಗಿದ್ದನ್ನ ನೀವೇ ನೋಡಿದ್ದೀರಿ.

ಬಾಡಿಗೆ ಮನೆಯೇ ತಪ್ಪು ಅಂತ ನಾನು ಹೇಳ್ತಿಲ್ಲ. ಕೆ.ಆರ್. ನಗರ ಟೌನಲ್ಲಿ, ಹುಣಸೂರು ಬಸ್‌ಸ್ಟ್ಯಾಂಡ್ ಹತ್ರ ಸೈಟಿದ್ದೋರ ಲೆಕ್ಕ ಬೇರೆ, ಅಲ್ಲಿ ಬಾಡಿಗೆ ನಮ್ಮ ಎರಡರಷ್ಟು, ಮೂರರಷ್ಟು. ಕೋಟೆ ಕಡೆ ಕಬಿನಿ ಹಿನ್ನೀರಿನ ಹೋಂಸ್ಟೇ ತೋರಿಸಿ ನಮ್ಮ ಹೋಬಳಿ ಹಳ್ಳಿಗೆ ಹೋಲಿಸಬೇಡಿ, ಇಲ್ಲಿ ಆನೆ ನೋಡೋಕೆ ಯಾರೂ ಬರಲ್ಲ. ನಮ್ಮಲ್ಲಿ ಬಾಡಿಗೆಗೆ ಬರೋರು ಮೇಷ್ಟ್ರು, ನರ್ಸಮ್ಮ, ಸುಗ್ಗಿ ಕಾಲಕ್ಕೆ ತಮಿಳುನಾಡಿನಿಂದ ಬರೋ ಕಟಾವು ಮಿಷಿನ್ನಿನ ಹುಡುಗರು. ಅವರು ಕೊಡೋದು ಅಷ್ಟೇ, ಅದಕ್ಕೆ ತಕ್ಕಂತೆ ಕಟ್ಬೇಕು.

ನಾನು 2023ರಲ್ಲಿ ಇನ್ನೊಂದು ಮಾಡ್ದೆ. ಹಸು ಮಾರಿದ ಮೇಲೆ ಹಳೇ ಕೊಟ್ಟಿಗೆಯ ಅರ್ಧ ಭಾಗ ಖಾಲಿ ಬಿದ್ದಿತ್ತು. ಮೂರು ಗೋಡೆ ಇದ್ದೇ ಇತ್ತು. ನಾಲ್ಕನೇದನ್ನ ಸಿಮೆಂಟ್ ಇಟ್ಟಿಗೆಯಲ್ಲಿ ಎತ್ತಿಸಿ, ನೆಲಕ್ಕೆ ಕಾಂಕ್ರೀಟು, ಹಳೇ ಹೆಂಚೇ ತಿರುಗಿ ಹೊದಿಸಿ, ಬಚ್ಚಲು ಕಕ್ಕಸು ಕಟ್ಟಿಸ್ದೆ. 92,000 ಆಯ್ತು. ಬದುವಿನ ಸಿಲ್ವರ್ ಮರ ಮಾರಿದ್ದು, ಒಂದು ಸುಗ್ಗಿಯ ಉಳಿಕೆ, ಅಷ್ಟೇ. ದುಡ್ಡು ಇದ್ದಾಗ ಕೆಲಸ, ಇಲ್ಲದಾಗ ನಿಲ್ಲಿಸಿದ್ದು, ಎಂಟು ತಿಂಗಳು ಹಿಡೀತು. ಬಾಡಿಗೆ 1,200. ಹತ್ತು ತಿಂಗಳು ಬಂದ್ರೆ 12,000, ಖರ್ಚು 1,500 ಕಳೆದ್ರೆ 10,500. ನೂರಕ್ಕೆ ಹನ್ನೊಂದು ರೂಪಾಯಿ ಮೇಲಾಯ್ತು. ಆರು ತಿಂಗಳು ಖಾಲಿ ಬಿದ್ರೂ ಯಾರೂ ನೋಟಿಸು ಕಳಿಸಲ್ಲ.

ಬ್ಯಾರನ್ ಇರೋರಿಗೆ ಒಂದು ಮಾತು. ಅದನ್ನ ಒಡೆದು ರೂಮು ಮಾಡೋ ಯೋಚನೆ ಇದ್ರೆ ತಡೀರಿ. ತಂಬಾಕು ಮಂಡಳಿ ಲೈಸೆನ್ಸು ಇರೋದು ಆ ಬ್ಯಾರನ್ ಮೇಲೆ. ಬೆಳೆ ಬಿಡೋದು ಗಟ್ಟಿ ಆದ ಮೇಲೆ ಒಡೀರಿ. ಪಂಪ್‌ಸೆಟ್ಟಿನ ಲೈನಿಂದ ಬಾಡಿಗೆ ಮನೆಗೆ ಕರೆಂಟು ಎಳೀಬೇಡಿ, ಬೇರೆ ಮೀಟರು ಹಾಕಿಸಿ. ಬಾಡಿಗೆಯವರಿಗೂ ಗೃಹಜ್ಯೋತಿ ಸಿಗುತ್ತೆ, ನಿಮಗೂ ಕರೆಂಟು ಬಿಲ್ಲಿನ ಜಗಳ ತಪ್ಪುತ್ತೆ. ಕರಾರು ಹನ್ನೊಂದು ತಿಂಗಳಿಗೆ ಬರೆಸ್ಕೊಳ್ಳಿ. ವರ್ಷ ದಾಟಿದ್ರೆ ನೋಂದಣಿ ಮಾಡಿಸಲೇಬೇಕು. ಕಕ್ಕಸು ಗುಂಡಿ ಬೋರ್‌ವೆಲ್ಲಿಂದ ದೂರ ಇರಲಿ.

ಆ ಹುಡುಗನಿಗೆ ಇಷ್ಟನ್ನೂ ಹೇಳ್ದೆ. ಮುಖ ಸಣ್ಣಗೆ ಮಾಡ್ಕೊಂಡು "ನೀವು ಕಟ್ಸಿ ನಮಗೆ ಬೇಡ ಅಂತೀರಲ್ಲಣ್ಣ" ಅಂದು ಹೋದ. ತಮ್ಮ, ಇದನ್ನ ನೀನು ಓದ್ತೀಯ ಅಂತ ಗೊತ್ತು. ಅವ್ವನ ಹತ್ರ ಒಡವೆ ಕೇಳೋ ಮುಂಚೆ ಪಂಚಾಯ್ತಿಗೆ ಹೋಗಿ ನಿನ್ನ ಹಿತ್ತಲಿಗೆ 11ಎ ಬರುತ್ತೋ 11ಬಿ ಬರುತ್ತೋ ಕೇಳ್ಕೊಂಡು ಬಾ. ಗ್ರಾಮಸಭೆಯಲ್ಲಿ ಹಿತ್ತಲು ಖಾತೆ ವಿಚಾರ ನಾನೂ ಎತ್ತೋನಿದ್ದೀನಿ, ಕಂದಾಯ ರಸೀದಿ ತಗೊಂಡು ನೀನೂ ಬಾ, ಒಬ್ಬನೇ ಕೂಗಿದ್ರೆ ಯಾರೂ ಬರ್ಕೊಳ್ಳಲ್ಲ. ಎರಡು ಮನೆಯನ್ನೂ ನೋಡ್ಬೇಕು ಅನ್ನೋರು ಭಾನುವಾರ ಬೆಳಗ್ಗೆ ಬನ್ನಿ, ಡೇರಿಗೆ ಹಾಲು ಹಾಕಿ ಬಂದ ಮೇಲೆ ಮನೇಲೇ ಇರ್ತೀನಿ. ಮೋಲ್ಡಿನದು ಈಗ ಮತ್ತೆ ಖಾಲಿ, ಕೀ ಗೂಟದಲ್ಲೇ ನೇತಾಕಿದೆ. ಲೆಕ್ಕದ ಪುಸ್ತಕಾನೂ ತೋರಿಸ್ತೀನಿ.