ಲಂಬಾಣಿಯನ್ನು ಹಿಂದಿಯ ಲೆಕ್ಕದಿಂದ ಬಿಡಿಸಿ

2025ರ ಜೂನ್‌ 16ರಂದು ಜನಗಣತಿಯ ಅಧಿಸೂಚನೆ ಹೊರಬಿದ್ದಾಗಿನಿಂದ ನಮ್ಮಲ್ಲಿ ಚರ್ಚೆಯೆಲ್ಲ ಜಾತಿಯ ಕಾಲಂ ಸುತ್ತಲೇ ನಡೆದಿದೆ. ಒಳಮೀಸಲಾತಿಯ ಬಿಸಿ ಆರದ ತಾಂಡಾಗಳಲ್ಲಂತೂ ಬೇರೆ ಮಾತಿಲ್ಲ. ಮಾತೃಭಾಷೆಯ ಕಾಲಂ ಯಾರಿಗೂ ಬೇಡವಾಗಿದೆ. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ತಾಂಡಾದವರು ಅಲ್ಲಿ ‘ಲಂಬಾಣಿ’ ಎಂದು ಬರೆಸುತ್ತಾರೆ. ಅಂಕಿಅಂಶ ಅಚ್ಚಾಗಿ ಬರುವಾಗ ಅವರು ಹಿಂದಿ ಭಾಷಿಕರಾಗಿರುತ್ತಾರೆ. ಇದು ತಪ್ಪು. ತಿದ್ದಲು ಸಂವಿಧಾನದ ತಿದ್ದುಪಡಿಯೂ ಬೇಕಿಲ್ಲ, ಒಂದು ಕಚೇರಿ ಮನಸ್ಸು ಮಾಡಿದರೆ ಸಾಕು.

ಎಲ್ಲರೂ ದಾಟಿ ಹೋಗುವ ಸಂಖ್ಯೆ 32,76,548. 2011ರಲ್ಲಿ ‘ಲಮಾಣಿ/ಲಂಬಾಡಿ’ ಎಂಬ ಹೆಸರಿನಡಿ ಎಣಿಕೆಯಾದವರು ಇಷ್ಟು ಮಂದಿ. ‘ಬಂಜಾರಿ’ ಎಂದು ದಾಖಲಾದ 15,81,271 ಮಂದಿ ಬೇರೆ. ಎರಡನ್ನೂ ಕೂಡಿದರೆ 48 ಲಕ್ಷ ದಾಟುತ್ತದೆ. ಕೂಡುವುದು ಬೇಡ, ಮೊದಲನೆಯದನ್ನಷ್ಟೇ ಹಿಡಿಯಿರಿ. ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನೇಪಾಳಿ, ಸಿಂಧಿ, ಡೋಗ್ರಿ, ಕೊಂಕಣಿ, ಮಣಿಪುರಿ, ಬೋಡೊ, ಸಂಸ್ಕೃತ ಇವೇಳೂ ಭಾಷಿಕರ ಸಂಖ್ಯೆಯಲ್ಲಿ ಅದಕ್ಕಿಂತ ಚಿಕ್ಕವು. 18.46 ಲಕ್ಷ ಜನರ ತುಳುವಿಗೆ ಪರಿಚ್ಛೇದದಲ್ಲಿ ಜಾಗವಿಲ್ಲದಿದ್ದರೂ ಭಾಷಾ ಪಟ್ಟಿಯಲ್ಲಿ ಸ್ವಂತ ಸಾಲಿದೆ. ಲಂಬಾಣಿಗೆ ಅದೂ ಇಲ್ಲ. ಹಿಂದಿಯ 52.83 ಕೋಟಿಯಲ್ಲಿ ಅದು ಒಂದು ಉಪಸಾಲು. ದೇಶದ ಶೇ 43.63 ಮಂದಿಯ ಭಾಷೆ ಹಿಂದಿ ಎಂದು ದೆಹಲಿಯಲ್ಲಿ ಯಾರಾದರೂ ಹೇಳಿದಾಗಲೆಲ್ಲ ಉಚ್ಚಂಗಿದುರ್ಗದ ಸೀಮೆಯ ತಾಂಡಾಗಳ ಅಜ್ಜಿಯರೂ ಆ ಲೆಕ್ಕದೊಳಗಿರುತ್ತಾರೆ. ಹಿಂದಿ ಹೇರಿಕೆಯನ್ನು ವಿರೋಧಿಸುವ ಕನ್ನಡದ ಲೇಖಕರು ಈ ಶೇಕಡಾವಾರನ್ನು ಒಡೆದು ತೋರಿಸುವಾಗ ಭೋಜಪುರಿ, ರಾಜಸ್ಥಾನಿ ಎಂದು ಹೇಳಿ ನಿಲ್ಲಿಸುತ್ತಾರೆ. ಪಕ್ಕದ ತಾಂಡಾ ಅವರ ಕಣ್ಣಿಗೆ ಬೀಳದಿರುವುದು ನನಗೆ ನೋವಿನ ಸಂಗತಿ.

ಲಂಬಾಣಿ ಉತ್ತರದಿಂದ ಬಂದ ನುಡಿ, ರಾಜಸ್ಥಾನಿಯ ಕವಲು, ಹಿಂದಿಯ ಕೆಳಗಿದ್ದರೆ ಕೆಟ್ಟದ್ದೇನು ಎಂದು ಕೇಳುವವರಿದ್ದಾರೆ. ಅದು ಇಂಡೊ-ಆರ್ಯನ್‌ ಕುಟುಂಬದ್ದು ಎಂಬುದರಲ್ಲಿ ತಕರಾರಿಲ್ಲ. ನಂಟಸ್ತಿಕೆ ಇದ್ದ ಮಾತ್ರಕ್ಕೆ ಒಂದು ನುಡಿ ಇನ್ನೊಂದರ ಅಧೀನವಾಗುವುದಿಲ್ಲ. ಹಿಂದಿಯ ‘ಹೈ’ ಬರುವ ಕಡೆ ಲಂಬಾಣಿಯಲ್ಲಿ ‘ಛ’ ಬರುತ್ತದೆ, ಗುಜರಾತಿಯ ‘ಛೇ’ಯ ಹಾಗೆ. ಹತ್ತಿರ ಎನ್ನುವುದೇ ಆಧಾರವಾದರೆ ಗುಜರಾತಿ ಹೆಚ್ಚು ಹತ್ತಿರ. ಇಂಡೊನೇಷ್ಯಾದ ಲಾಂಪುಂಗ್‌ ಭಾಷೆಯನ್ನೂ ಒಂದು ಕಾಲಕ್ಕೆ ಮಲಯ್‌ ನುಡಿಗಳ ಬಳಗಕ್ಕೆ ಸೇರಿಸಿದ್ದರು; ಈಚಿನ ವಿದ್ವಾಂಸರು ಅದನ್ನು ಆಸ್ಟ್ರೊನೇಷ್ಯನ್‌ ಕುಟುಂಬದಲ್ಲಿ ಬೇರೆಯದೇ ಕವಲೆಂದು ಗುರುತಿಸುತ್ತಾರೆ. ತನ್ನ ಹೆಸರಿನ ಪ್ರಾಂತ್ಯದಲ್ಲೇ ಜಾವಾದಿಂದ ಬಂದು ನೆಲೆಸಿದವರ ನಡುವೆ ಅಲ್ಪಸಂಖ್ಯಾತವಾದ ಆ ನುಡಿಯನ್ನು ಅಲ್ಲಿನ ಶಾಲೆಗಳಲ್ಲಿ ಕಲಿಸುತ್ತಾರೆ.

ಅಷ್ಟು ದೂರ ಹೋಗಬೇಕಿಲ್ಲ, ಗ್ರಿಯರ್‌ಸನ್‌ ಸಂಪುಟ ತೆರೆದರೆ ಸಾಕು. ಭಾರತೀಯ ಭಾಷಾ ಸಮೀಕ್ಷೆಯ ಒಂಬತ್ತನೇ ಸಂಪುಟದ ಮೂರನೇ ಭಾಗ 1907ರಲ್ಲಿ ಬಂತು. ಅದರಲ್ಲಿ ಭಿಲ್‌ ನುಡಿಗಳು, ಖಾಂದೇಶಿ, ಬಂಜಾರಿ ಅಥವಾ ಲಭಾನಿ ಒಟ್ಟಿಗೇ ಇವೆ. ಪಶ್ಚಿಮ ಹಿಂದಿಯದು ಬೇರೆ ಭಾಗ, ರಾಜಸ್ಥಾನಿಯದು ಮತ್ತೂ ಬೇರೆ. ಮದ್ರಾಸ್‌ ಪ್ರಾಂತ್ಯ ಆ ಸಮೀಕ್ಷೆಯ ಹೊರಗಿತ್ತು. ಆಗ ಬಳ್ಳಾರಿ ಜಿಲ್ಲೆಯೂ ಮದ್ರಾಸಿನದೇ ಆದ್ದರಿಂದ ಇಲ್ಲಿನ ತಾಂಡಾಗಳ ಮಾತು ಗ್ರಿಯರ್‌ಸನ್‌ ಲೆಕ್ಕಕ್ಕೆ ಬರಲೇ ಇಲ್ಲ. ಬೇರೆ ಕಡೆಯ ಲಂಬಾಣಿ ಕೇಳಿಯೇ ಅವರು ಅದನ್ನು ಹಿಂದಿಯಿಂದ ದೂರ ಇಟ್ಟರು. ಈಗಿನ ಜನಗಣತಿ ಮಾಡಿದ್ದೇನು? ಅದೇ ಹೊತ್ತಗೆಯ ಭಿಲಿಗೆ ಸ್ವತಂತ್ರ ಭಾಷೆಯ ಸಾಲು ಕೊಟ್ಟಿದೆ, 2011ರಲ್ಲಿ ಒಂದು ಕೋಟಿ ಮೀರಿದ ಭಾಷಿಕರು. ಖಾಂದೇಶಿಗೂ ಕೊಟ್ಟಿದೆ, 18.60 ಲಕ್ಷ. ಇವೆರಡೂ ಎಂಟನೇ ಪರಿಚ್ಛೇದದಲ್ಲಿಲ್ಲ. ಖಾಂದೇಶಿಗಿಂತ ಬಹಳ ದೊಡ್ಡದಾದ ಲಂಬಾಣಿಯನ್ನು ಮಾತ್ರ ಎತ್ತಿ ಹಿಂದಿಯಡಿ ಇಟ್ಟಿದೆ. ಯಾವ ವ್ಯಾಕರಣದ ಆಧಾರದ ಮೇಲೆ? ಲಂಬಾಣಿಗೆ ರೊನಾಲ್ಡ್‌ ಟ್ರೇಲ್‌ 1970ರಲ್ಲೇ ಬರೆದ ವ್ಯಾಕರಣವಿದೆ. ಸಾಮಗ್ರಿ ಸಿಗಲಿಲ್ಲ ಎನ್ನುವ ಹಾಗಿಲ್ಲ.

ಆದ್ದರಿಂದಲೇ ಎಂಟನೇ ಪರಿಚ್ಛೇದದ ಬೇಡಿಕೆಯನ್ನು ಮುಂದಿಟ್ಟುಕೊಂಡು ಕೂತ ನಮ್ಮ ಮುಖಂಡರ ದಾರಿಯನ್ನು ನಾನು ಒಪ್ಪುವುದಿಲ್ಲ. ಆ ಬಾಗಿಲಲ್ಲಿ 38 ಭಾಷೆಗಳು ಸಾಲು ನಿಂತಿವೆ, 2003ರ 92ನೇ ತಿದ್ದುಪಡಿಯ ಬಳಿಕ ಅದು ತೆರೆದಿಲ್ಲ. ಮೈಥಿಲಿ 1991ರ ಜನಗಣತಿಯವರೆಗೆ ಹಿಂದಿಯೊಳಗಿತ್ತು, ಆ ತಿದ್ದುಪಡಿಯಿಂದಲೇ ಹೊರಬಂತು ಎಂಬ ಉದಾಹರಣೆ ಕೊಡುತ್ತಾರೆ. ಸರಿ. ಭಿಲಿ ಮತ್ತು ಖಾಂದೇಶಿಗೆ ಆ ತಿದ್ದುಪಡಿ ಬೇಕಾಯಿತೆ? ಮೊದಲು ಸ್ವಂತ ಸಾಲು ಪಡೆಯಿರಿ, ಪರಿಚ್ಛೇದದ ವಾದಕ್ಕೂ ಅದೇ ಬಲ ಕೊಡುತ್ತದೆ.

ಯಾವ ಖಾತೆಯಲ್ಲಿದ್ದೇವೆ ಎಂಬುದರಿಂದ ಏನು ಬದಲಾಗುತ್ತದೆ ಎಂದು ಹರಪನಹಳ್ಳಿಯವರಿಗೆ ಯಾರೂ ತಿಳಿಸಿ ಹೇಳಬೇಕಿಲ್ಲ. 1997ರಲ್ಲಿ ದಾವಣಗೆರೆಗೆ ಸೇರಿಸಿದ್ದರಿಂದಲೇ 371(ಜೆ) ಸೌಲಭ್ಯ ಈ ತಾಲ್ಲೂಕಿನ ಕೈತಪ್ಪಿತ್ತು. ಹೋರಾಡಿ ಬಳ್ಳಾರಿಗೆ ಮರಳಿದ ಮೇಲೆ ಸಿಕ್ಕಿತು. ಭಾಷೆಯ ವಿಷಯದಲ್ಲೂ ಹಾಗೆಯೇ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಿಕೊಡಬೇಕು ಎನ್ನುತ್ತದೆ. ಮನೆಯಲ್ಲಿ ‘ಯಾಡಿ’ ಎಂದು ತಾಯಿಯನ್ನು ಕರೆಯುವ ಮಗುವನ್ನು ಹಿಂದಿಯದೆಂದು ಬರೆದುಕೊಂಡರೆ, ಆ ಅನುಕೂಲದ ಹೆಸರಿನಲ್ಲಿ ತಾಂಡಾಕ್ಕೆ ಬರಬಹುದಾದದ್ದು ಹಿಂದಿ ಪುಸ್ತಕವೇ. ಅಳಿವಿನಂಚಿನ ಭಾಷೆಗಳಿಗೆಂದು ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ನಡೆಸುವ ಯೋಜನೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳಿಗೆ. ಲಂಬಾಣಿ ಅಲ್ಲಿಗೂ ಸಲ್ಲುವುದಿಲ್ಲ.

ತಾಂಡಾಗಳ ಕಡೆಯಿಂದಲೂ ಒಂದು ಕೆಲಸ ಆಗಬೇಕು. ಈಗಾಗಲೇ ಎರಡು ಹೆಸರಲ್ಲಿ ಹಂಚಿಹೋಗಿರುವ ಲೆಕ್ಕಕ್ಕೆ ‘ಗೋರ್‌ಬೋಲಿ’ ಎಂಬ ಮೂರನೆಯದನ್ನು ಸೇರಿಸಲು ಕೆಲವು ಯುವಕರು ಉತ್ಸಾಹದಿಂದ ಪ್ರಚಾರ ಮಾಡುತ್ತಿದ್ದಾರೆ. ಹೆಸರಿನ ಮೇಲಿನ ಅಭಿಮಾನ ಸಹಜ, ಆದರೆ ಸಂಖ್ಯೆ ಒಡೆಯುತ್ತದೆ. ಪರಿಶಿಷ್ಟ ಜಾತಿ ಇಲ್ಲಿ, ಪರಿಶಿಷ್ಟ ಪಂಗಡ ತೆಲಂಗಾಣ–ಆಂಧ್ರದಲ್ಲಿ, ವಿಮುಕ್ತ ಜಾತಿ ಮಹಾರಾಷ್ಟ್ರದಲ್ಲಿ ಎಂದು ಈ ಸಮುದಾಯ ಈಗಾಗಲೇ ಸಾಕಷ್ಟು ಚೂರಾಗಿದೆ. ಮಾತಿನಲ್ಲಾದರೂ ಒಂದೇ ಹೆಸರು ಬರೆಸಲಿ.

ಇನ್ನೊಂದು ತೊಡಕು ಕ್ಯಾಲೆಂಡರಿನದು. ಎಣಿಕೆ ನಡೆಯುವುದು 2027ರ ಫೆಬ್ರುವರಿಯಲ್ಲಿ. ಆಗ ಈ ಭಾಗದ ತಾಂಡಾಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ. ಜನ ಕಬ್ಬು ಕಡಿಯಲು, ಕಾಫಿ ತೋಟದ ಕೆಲಸಕ್ಕೆ ಗುಳೆ ಹೋಗಿರುತ್ತಾರೆ. ಮಂಡ್ಯದ ಗದ್ದೆಬದಿಯ ಗುಡಿಸಲಲ್ಲಿ, ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಬಯಲಲ್ಲಿ ಗಣತಿದಾರ ಅವಸರದಲ್ಲಿ ಏನು ಬರೆದುಕೊಂಡಾನು? ಊರಿನಿಂದ ಹೊರಡುವ ಮುನ್ನವೇ ಮೇಸ್ತ್ರಿಗಳಿಗೂ ತಾಂಡಾದ ನಾಯಕ, ಕಾರಭಾರಿಗಳಿಗೂ ಮಾತೃಭಾಷೆಯ ಕಾಲಂನಲ್ಲಿ ಒಂದೇ ಹೆಸರು ಬರೆಸುವಂತೆ ತಿಳಿಸಿ ಹೇಳುವ ಹೊಣೆ ತಾಂಡಾ ಅಭಿವೃದ್ಧಿ ನಿಗಮದ್ದು.

ರಾಜ್ಯ ಸರ್ಕಾರ ಬಂಜಾರಕ್ಕೆ ಭಾಷಾ ಅಕಾಡೆಮಿ ಮಾಡಿದೆ. ಅಂದರೆ ಅದು ಭಾಷೆಯೆಂದು ಒಪ್ಪಿದೆ. ಅದನ್ನೇ ಕೋಲ್ಕತ್ತದಲ್ಲಿರುವ ಜನಗಣತಿಯ ಭಾಷಾ ವಿಭಾಗಕ್ಕೆ, 1907ರ ಸಂಪುಟದ ಪುಟಗಳನ್ನೂ ಟ್ರೇಲ್‌ ವ್ಯಾಕರಣವನ್ನೂ ಲಗತ್ತಿಸಿ, ಗುಂಪು ಮಾಡುವ ಕೆಲಸ ಶುರುವಾಗುವುದಕ್ಕೆ ಮೊದಲೇ ಬರೆದು ತಿಳಿಸಲಿ.