ದೇಶದ ಗಡಿಕಲ್ಲುಗಳಿಗೆ ಕಾವಲೆಲ್ಲಿ?

ಅಜ್ಜಾವರದ ಕೃಷಿಕನಿಗೆ ತನ್ನ ಅಡಿಕೆತೋಟದ ಗಡಿಕಲ್ಲಿನ ಚಿಂತೆಯುಂಟು; ದೇಶದ ಅಳತೆಯನ್ನೆಲ್ಲ ಹೊತ್ತುನಿಂತ ಆಧಾರಸ್ಥಾನಗಳ ಚಿಂತೆ ಯಾರಿಗುಂಟು? ಆಧಾರವು ತಪ್ಪಿದರೆ ಅಳತೆಯೆಲ್ಲವೂ ತಪ್ಪುವುದೆಂಬುದನ್ನು ಬಲ್ಲ ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಅಳೆದ ಆಧಾರರೇಖೆಯನ್ನು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದರಿಂದ ಪರೀಕ್ಷಿಸಿ, ತ್ರಿಕೋನಗಳ ಸರಣಿಯನ್ನು ಮಂಗಳೂರಿನ ಕಡಲವರೆಗೆ ಒಯ್ದನು. ಹಳೆಯ ನಕಾಶೆಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು 40 ಮೈಲು ಹೆಚ್ಚಾಗಿ ತೋರಿಸಿದ್ದುವೆಂಬುದು ಆಗ ಬಯಲಾಯಿತು.

ಇಂದು ಆ ಭಾರವನ್ನು ಸರ್ವೆ ಆಫ್ ಇಂಡಿಯಾದ ‘ಕಾರ್ಸ್’ ಕೇಂದ್ರಗಳು ಹೊತ್ತಿವೆ. ಹಗಲಿರುಳು ಉಪಗ್ರಹಗಳ ಸಂಕೇತವನ್ನು ಗ್ರಹಿಸುವ ಈ ಕೇಂದ್ರಗಳು, ತಮ್ಮ ನೆಲೆಯು ಮೊದಲೇ ನಿಶ್ಚಿತವಾಗಿರುವುದರಿಂದ, ಸಂಕೇತದ ದೋಷವನ್ನು ಗಣಿಸಿ ತಿದ್ದುಪಡಿಯನ್ನು ಕಳುಹಿಸುವುವು. ಮೋಜಣಿದಾರನು ಕೆಲವೇ ಸೆಂಟಿಮೀಟರುಗಳ ಅಂತರದೊಳಗೆ ಸ್ಥಳವನ್ನು ನಿರ್ಣಯಿಸಬಲ್ಲನು.

ಹೊಸದು ಬಂದಿತೆಂದು ಹಳೆಯದನ್ನು ಕಳೆಯಬಹುದೆ? ಹಿಂದಿನ ನಕಾಶೆಗಳನ್ನು ಇಂದಿನ ಅಳತೆಗೆ ಹೊಂದಿಸಲು ಹಳೆಯ ಗುರುತುಗಳೇ ಸಾಕ್ಷಿ. ಆದರೂ 1868ರ ಬೆಂಗಳೂರು ಆಧಾರರೇಖೆಯ ಸ್ಮಾರಕವಾಗಿ ಕಣ್ಣೂರಿನಲ್ಲಿ ಉಳಿದಿದ್ದ ವೀಕ್ಷಣಾಗೃಹವು 2024ರಲ್ಲಿ ನೆಲಸಮವಾಯಿತು! ರೈತನ ಗಡಿಕಲ್ಲನ್ನು ಕಿತ್ತವನಿಗೆ ದಂಡವುಂಟು. ರಾಷ್ಟ್ರದ ಗಡಿಕಲ್ಲಿಗೆ ಅಷ್ಟು ಮರ್ಯಾದೆಯೂ ಬೇಡವೆ?

ತಾಲೂಕು ತಾಲೂಕಿನಲ್ಲಿಯೂ ಉಳಿದಿರುವ ಮೋಜಣಿಯ ಗುರುತುಗಳನ್ನು ಪಟ್ಟಿಮಾಡಿ, ಕಂದಾಯದ ದಫ್ತರದಲ್ಲಿ ದಾಖಲಿಸಿ, ಕಾಪಾಡುವುದು ಅಧಿಕಾರಿವರ್ಗದ ಕರ್ತವ್ಯ. ಅದನ್ನು ಎಚ್ಚರಿಸುತ್ತಿರುವುದು ನಾಗರಿಕರ ಕರ್ತವ್ಯ.