ಹೊಸ ಲಾವಣಿಕಾರರು

ರ‍್ಯಾಪ್ ಎಂಬ ಹಾಡಿನ ಬಗೆಯೊಂದು ನಮ್ಮ ಊರೂರುಗಳ ತರುಣರ ನಾಲಗೆಯ ಮೇಲೆ ನೆಲೆನಿಂತು ಈಗ ಹಲವು ವರ್ಷಗಳಾದುವು. ಆದರೂ ನಮ್ಮ ಸಾಹಿತ್ಯಚರ್ಚೆಗಳಲ್ಲಿ ಅದರ ಹೆಸರೆತ್ತುವುದು ಮರ್ಯಾದೆಯಲ್ಲವೆಂಬ ಭಾವನೆ ಇನ್ನೂ ಉಳಿದಿದೆ. ಅದು ಹಾಡಲ್ಲ, ಬಡಬಡಿಕೆ ಎನ್ನುವವರಿದ್ದಾರೆ. ಅದರಲ್ಲಿ ತನ್ನ ಹೊಗಳಿಕೆಯನ್ನು ಬಿಟ್ಟು ಬೇರೇನಿದೆ ಎಂದು ಕೇಳುವವರಿದ್ದಾರೆ. ಅದು ಹೊರಗಿನಿಂದ ಬಂದದ್ದು, ನಮ್ಮ ನೆಲದ ಬೆಳೆಯಲ್ಲ ಎಂದು ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುವವರಂತೂ ಬಹಳ. ಈ ಸಾಲುಗಳನ್ನು ಬರೆಯುತ್ತಿರುವವನೂ ಕೆಲಕಾಲದ ಹಿಂದಿನವರೆಗೆ ಇದೇ ಮಾತುಗಳನ್ನು ಆಡಿಕೊಂಡಿದ್ದವನೇ.

ಆ ತೀರ್ಪನ್ನು ಅಲುಗಾಡಿಸಿದ್ದು ಒಂದು ಉತ್ತರಪತ್ರಿಕೆ. ಹಲಗಲಿ ಬೇಡರ ಲಾವಣಿಯನ್ನು ಕುರಿತು ತರಗತಿಯಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದೆವು. ರೋಣ ತಾಲೂಕಿನ ಅಸೂಟಿಯಿಂದ ನಿತ್ಯ ಬಸ್ಸಿನಲ್ಲಿ ಬರುವ ಬಿ.ಎ. ವಿದ್ಯಾರ್ಥಿಯೊಬ್ಬ ಎರಡು ಪುಟ ಉತ್ತರ ಬರೆದು, ಅದರ ಕೆಳಗೆ ತಾನೇ ಕಟ್ಟಿದ ಹಾಡೊಂದನ್ನು ಸೇರಿಸಿದ್ದ. ಕೆಂಪು ಮಸಿಯಲ್ಲಿ ಅದಕ್ಕೆ ಗೆರೆ ಎಳೆದು ‘ಅಪ್ರಸ್ತುತ’ವೆಂದು ಬರೆದದ್ದಾಯಿತು. ಮರುದಿನ ಆತ ಪಡಸಾಲೆಯಲ್ಲಿ ನಿಲ್ಲಿಸಿ ಬಹು ವಿನಯದಿಂದಲೇ ಕೇಳಿದ: “ಲಾವಣಿ ಕಟ್ಟಿದವ್ರದ್ದು ಪ್ರಸ್ತುತ, ನಂದು ಅಪ್ರಸ್ತುತ ಹೆಂಗ್ ಆತ್ರಿ ಸರ್?” ಅಧ್ಯಾಪಕ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದರೂ ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಈ ಹಾಡಿನ ಹುಟ್ಟನ್ನು ನೋಡಿದರೆ ಅದರಲ್ಲಿ ನಮಗೆ ಪರಕೀಯವೆನಿಸುವಂಥದು ಕಡಿಮೆ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಒಂದು ಬಾಡಿಗೆಮನೆಗಳ ಕಟ್ಟಡದಲ್ಲಿ, ಜಮೈಕಾದಿಂದ ವಲಸೆ ಬಂದ ಕುಟುಂಬದ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಒಂದು ಸಂತೋಷಕೂಟವನ್ನು ಏರ್ಪಡಿಸಿದಳು. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ನಾಲ್ಕು ಕಾಸು ಕೂಡಿಸುವುದೇ ಉದ್ದೇಶ. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ಅಂದು ಧ್ವನಿಮುದ್ರಿಕೆಗಳನ್ನು ನುಡಿಸಿದವನು ಆಕೆಯ ಅಣ್ಣ. ಕೂಲ್ ಹರ್ಕ್ ಎಂಬ ಹೆಸರಿನಿಂದ ಆತ ಪ್ರಸಿದ್ಧನಾದ. ಹಾಡುಗಳ ನಡುವೆ ಬರಿಯ ತಾಳವಾದ್ಯ ನುಡಿಯುವ ತುಣುಕನ್ನೇ ಹಿಗ್ಗಿಸಿ, ಅದರ ಮೇಲೆ ಮಾತನ್ನು ಲಯಬದ್ಧವಾಗಿ ಆಡುವ ರೂಢಿ ಇಂಥ ಕೂಟಗಳಲ್ಲಿ ಬೆಳೆಯಿತು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಸಂಗಡಿಗರ ‘ದಿ ಮೆಸೇಜ್’ ಬಂದಾಗ, ಒಡೆದ ಗಾಜು, ಬಾಡಿಗೆಯ ಬಾಕಿ, ಕೊಳೆಗೇರಿಯ ಉಸಿರುಗಟ್ಟು ಇವೆಲ್ಲ ಹಾಡಿನ ವಸ್ತುವಾದುವು. 2018ರಲ್ಲಿ ಕೆಂಡ್ರಿಕ್ ಲಮಾರನಿಗೆ ಸಂಗೀತದ ಪುಲಿಟ್ಜರ್ ಪಾರಿತೋಷಕ ದೊರೆತಾಗ ಅಲ್ಲಿಯ ಪಂಡಿತರೂ ಇದನ್ನು ಒಪ್ಪಿಕೊಂಡಂತಾಯಿತು. ಬಟ್ಟೆಗೆ ಕಾಸಿಲ್ಲದ ಹುಡುಗಿಯ ಕೂಟದಿಂದ ಇಲ್ಲಿಗೆ ನಾಲ್ವತ್ತೈದು ವರ್ಷಗಳ ಹಾದಿ.

ನಮ್ಮ ದೇಶದಲ್ಲಿ ಮುಂಬಯಿಯ ಗಲ್ಲಿಗಳಿಂದ ಡಿವೈನ್, ನೇಜಿ ಎಂಬ ತರುಣರು 2015ರಲ್ಲಿ ಹೆಸರಾದರು. 2019ರ ‘ಗಲ್ಲಿ ಬಾಯ್’ ಚಿತ್ರ ಅವರ ಬಾಳಿನಿಂದಲೇ ಪ್ರೇರಣೆ ಪಡೆಯಿತು. ಬೆಂಗಳೂರಿನ ಬ್ರೋಧ ವಿ 2012ರಲ್ಲಿಯೇ ‘ಆತ್ಮರಾಮ’ದಲ್ಲಿ ತನ್ನ ಬಾಳಿನ ಏರಿಳಿತವನ್ನು ಇಂಗ್ಲಿಷಿನಲ್ಲಿ ಹೇಳಿ, ನಡುವೆ ರಾಮನ ಪ್ರಾರ್ಥನೆಯನ್ನು ಇರಿಸಿದ್ದ. ಕನ್ನಡದಲ್ಲಿ ಆಲ್ ಓಕೆ, ಎಂಸಿ ಬಿಜ್ಜು, ಹಾಸನದ ಕಡೆಯ ಚಂದನ್ ಶೆಟ್ಟಿ ಮೊದಲಾದವರು ಈ ಬಗೆಯನ್ನು ಮನೆಮನೆಗೆ ಮುಟ್ಟಿಸಿದರು. ಇವರೆಲ್ಲರ ಗುಣ ಒಂದೇ ಸಮನಾದುದೆಂದು ನಾವು ಹೇಳುವುದಿಲ್ಲ. ಮದ್ಯದ ಲೆಕ್ಕವನ್ನೇ ಪಲ್ಲವಿ ಮಾಡಿಕೊಂಡ ಹಾಡು ಊರೆಲ್ಲ ಕುಣಿಸಿತೆಂದ ಮಾತ್ರಕ್ಕೆ ಅದು ಬಾಳುವ ಹಾಡಾಗದು.

ಆತ್ಮಪ್ರಶಂಸೆಯ ಆಕ್ಷೇಪವನ್ನು ಕನ್ನಡ ಬೋಧಿಸುವವರಾದರೂ ಎತ್ತಬಾರದಿತ್ತು. ನಮ್ಮ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತವನ್ನು ಬರೆದ ಕುಮಾರವ್ಯಾಸ ಏನೆಂದುಕೊಂಡ? ತಾನು ಹಲಗೆ ಬಳಪಗಳನ್ನು ಹಿಡಿದವನಲ್ಲ, ಇಟ್ಟ ಪದವನ್ನು ಅಳಿಸಿದವನಲ್ಲ, ಇನ್ನೊಬ್ಬರ ದಾರಿ ಹಿಡಿದವನಲ್ಲ, ಓಲೆಯ ಮೇಲೆ ಕಂಠದ ಸದ್ದು ನಿಲ್ಲದಂತೆ ಬರೆದವನು ಎಂದು ಎದೆ ತಟ್ಟಿಕೊಂಡ. ಇಂದಿನ ಹುಡುಗರು ಕಾಗದ ಹಿಡಿಯದೆ, ನಿಂತ ನಿಲುವಿನಲ್ಲಿ, ತಾಳ ತಪ್ಪದೆ ಮಾತು ಕಟ್ಟುವುದನ್ನೇ ತಮ್ಮ ದೊಡ್ಡ ಅಗ್ಗಳಿಕೆಯೆಂದು ಹೇಳಿಕೊಳ್ಳುತ್ತಾರೆ. ಇವೆರಡರ ನಡುವೆ ಪ್ರತಿಭೆಯ ಅಂತರ ಅಜಗಜವಾಗಿರಬಹುದು. ಹೆಮ್ಮೆಯ ಜಾತಿ ಮಾತ್ರ ಒಂದೇ.

ರನ್ನನ ಸಂಗತಿ ಇನ್ನೂ ಹತ್ತಿರದ್ದು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದವನು ಆತ. ವಿದ್ಯೆಯ ಹಂಬಲ ಹೊತ್ತು ಶ್ರವಣಬೆಳಗೊಳಕ್ಕೆ ಹೋದ, ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ, 993ರಲ್ಲಿ ಅಜಿತಪುರಾಣವನ್ನು ಮುಗಿಸಿದ, ಚಾಲುಕ್ಯ ಚಕ್ರವರ್ತಿ ತೈಲಪನಿಂದ ಕವಿಚಕ್ರವರ್ತಿ ಎನಿಸಿಕೊಂಡ. ಬಳೆಯ ಮಲಾರ ಹೊರಬೇಕಾಗಿದ್ದ ಹೆಗಲು ಅರಮನೆಯ ಗೌರವವನ್ನು ಹೊತ್ತಿತು. ತನ್ನ ಕೃತಿಯನ್ನು ಪರೀಕ್ಷಿಸಲು ಬರುವವನಿಗೆ ಎಷ್ಟು ಗುಂಡಿಗೆ ಬೇಕೆಂದು ಆತ ಕೇಳಿದ್ದನ್ನು ನಾವು ಆತ್ಮಪ್ರತ್ಯಯವೆಂದು ವಿವರಿಸುತ್ತೇವೆ. ಸಾವಿರ ವರ್ಷ ಹಿಂದಿನವನಿಗೆ ಆತ್ಮಪ್ರತ್ಯಯ, ಇಂದಿನವನಿಗೆ ಸೊಕ್ಕು! ಕೆಳಗಿನಿಂದ ಏರಿ ಬಂದವನು ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಾನೆ. ಹೇಳುವವರು ಬೇರೆ ಯಾರೂ ಇರುವುದಿಲ್ಲ.

ಬಡಬಡಿಕೆ ಎಂಬ ಮಾತಿಗೂ ಛಂದಸ್ಸು ಬಲ್ಲವರು ಸ್ವಲ್ಪ ತಾಳ್ಮೆಯಿಂದ ಕಿವಿಗೊಡಬೇಕು. ಈ ಹಾಡಿನ ಸಾಲು ಸಾಮಾನ್ಯವಾಗಿ ನಾಲ್ಕು ಪೆಟ್ಟಿನದು, ಒಂದೊಂದು ಪೆಟ್ಟಿನೊಳಗೆ ನಾಲ್ಕು ಸಣ್ಣ ಮಿಡಿತಗಳು, ಕೂಡಿದರೆ ಹದಿನಾರು. ನಾಲ್ಕು ಮಾತ್ರೆಯ ನಾಲ್ಕು ಗಣಗಳ ಮಂದಾನಿಲ ರಗಳೆಯ ಸಾಲನ್ನು ಬಲ್ಲವರಿಗೆ ಇದು ಅಪರಿಚಿತ ಲೆಕ್ಕವೆ? ರಗಳೆಯಂತೆಯೇ ಇಲ್ಲಿಯೂ ಸಾಲುಗಳಿಗೆ ಮಿತಿಯಿಲ್ಲ, ಉಸಿರೇ ಮಿತಿ. ಎರಡೆರಡು ಸಾಲಿಗೆ ಪ್ರಾಸದ ಕಟ್ಟು. ಕನ್ನಡದ ದ್ವಿತ್ವಾಕ್ಷರಗಳು, ಹೊಟ್ಟೆ, ಬುತ್ತಿ, ಕತ್ತಲು, ಸುಗ್ಗಿ ಎಂಬಂಥವು, ಡಪ್ಪಿನ ಪೆಟ್ಟಿನಂತೆ ತಾಳದ ಮೇಲೆ ಬಂದು ಕೂಡುತ್ತವೆ. ಇಂಗ್ಲಿಷು ಬೆರೆಸಿ ಹಾಡುವ ಕನ್ನಡದ ಹುಡುಗರು ತಮ್ಮ ನುಡಿಯ ಈ ಬಲವನ್ನು ಇನ್ನೂ ಅರ್ಧದಷ್ಟೂ ಬಳಸಿಲ್ಲವೆಂದು ನಮಗೆ ತೋರುತ್ತದೆ. ಹರಿಹರನನ್ನು ಗಟ್ಟಿಯಾಗಿ ಓದಿಸಿದರೆ ಅವರಿಗೆ ಲಾಭವಾದೀತು; ಓದಿಸುವ ನಮಗೂ ಲಾಭವಾದೀತು.

ಇನ್ನು ನೆಲದ ಮಾತು. ಇಬ್ಬರು ಹಾಡುಗಾರರು ಎದುರುಬದರು ನಿಂತು, ಸವಾಲಿಗೆ ಜವಾಬು ಎಸೆಯುತ್ತ, ಎದುರಾಳಿಯ ಮುಖವನ್ನು ಸಭೆಯಲ್ಲಿ ಬಾಡಿಸುವ ಆಟ ಬ್ರಾಂಕ್ಸಿನಿಂದ ನಮಗೆ ಬರಬೇಕಾಗಿರಲಿಲ್ಲ. ಹರದೇಶಿ, ನಾಗೇಶಿ ಮೇಳಗಳು ಇದನ್ನು ಈ ಎರಿಭೂಮಿಯಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದಿವೆ. ಗಂಡು ಹೆಚ್ಚೆಂದು ತುರಾಯಿಯವರು, ಹೆಣ್ಣು ಹೆಚ್ಚೆಂದು ಕಲ್ಗಿಯವರು; ಡಪ್ಪು, ತುಂತುಣಿ, ತಾಳಗಳ ಹಿಮ್ಮೇಳ; ‘ಗೀ ಗೀ’ ಎಂಬ ಸೊಲ್ಲು; ರಾತ್ರಿ ಬೆಳಗಾಗುವವರೆಗೆ ವಾದ. ಪುರಾಣದ ಒಗಟು ಬಿಡಿಸಲಾರದೆ ತಲೆತಗ್ಗಿಸಿದ ಹಾಡುಗಾರನನ್ನು ಆ ಊರು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ಹಲಗಲಿಯ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ಕುರ್ತಕೋಟಿ ನಮ್ಮ ಗದಗ ತಾಲೂಕಿನದೇ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಬೇಡರ ಊರಿಗೆ ಕುಂಪಣಿಯವರು ಬೆಂಕಿಯಿಟ್ಟದ್ದನ್ನು ಹಾಡಿದವನು ಪಂಡಿತನಲ್ಲ. ಆ ಹಾಡನ್ನೂ ಸಂಗೊಳ್ಳಿ ರಾಯಣ್ಣನ ಹಾಡನ್ನೂ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ಹಲಸಂಗಿಯ ಗೆಳೆಯರು 1933ರಲ್ಲಿ ‘ಜೀವನ ಸಂಗೀತ’ವೆಂದು ಲಾವಣಿಗಳನ್ನು ಸಂಗ್ರಹಿಸಿ ಹೊರತರುವವರೆಗೆ, ಲಾವಣಿಯೆಂದರೆ ಮೂಗು ಮುರಿಯುವ ಕನ್ನಡ ವಿದ್ಯಾವಂತರಿಗೆ ಬರವಿರಲಿಲ್ಲ. ಅಂದಿನವರು ಅಪ್ರಸ್ತುತವೆಂದದ್ದನ್ನು ಇಂದು ನಾವು ಪಠ್ಯದಲ್ಲಿಟ್ಟು ಅಂಕ ಕೊಡುತ್ತಿದ್ದೇವೆ.

ಇಷ್ಟು ಹೇಳಿದ ಮೇಲೆ, ಆ ವಿದ್ಯಾರ್ಥಿಯ ಹಾಡನ್ನು ಎರಡನೆಯ ಸಲ ಓದಿದಾಗ ಕಂಡದ್ದನ್ನೂ ಹೇಳಬೇಕು. ಅದರ ಮೊದಲ ಅರ್ಧ ನಮ್ಮನ್ನು ಹಿಡಿದು ನಿಲ್ಲಿಸಿತು. ಉಳ್ಳಾಗಡ್ಡಿ ಕೊಯ್ಯಲು ಕೂಲಿಗೆ ಹೋಗಿ ಬಂದ ಅವ್ವನ ಕೈಯ ವಾಸನೆ ರೊಟ್ಟಿಗೂ ಹತ್ತುವುದು, ದರ ಬಿದ್ದ ವರ್ಷ ಚೀಲದ ಬೆಲೆಯೂ ಹುಟ್ಟದೆ ಅಪ್ಪ ಮಾರುಕಟ್ಟೆಯಿಂದ ಬರಿಗೈಯಲ್ಲಿ ಬಂದು ಮಾತಾಡದೆ ಮಲಗಿದ್ದು, ಬಸ್ಸಿನ ಬಾಗಿಲಿಗೆ ಜೋತುಬಿದ್ದ ಬೆಳಗುಗಳು ಇವೆಲ್ಲ ಹುಡುಗನ ಸ್ವಂತ ಆಸ್ತಿ. ಎರಡನೆಯ ಅರ್ಧದಲ್ಲಿ ಆತ ಗೆದ್ದುಬಿಡುತ್ತಾನೆ. ಅಲ್ಲಿ ದೊಡ್ಡ ಕಾರು ಬರುತ್ತದೆ, ಕೊರಳಿಗೆ ಬಂಗಾರ ಬರುತ್ತದೆ, ಹೀಯಾಳಿಸಿದವರು ಬಂದು ಸಾಲಾಗಿ ನಿಲ್ಲುತ್ತಾರೆ. ಆ ಕಾರಿಗೆ ಬಣ್ಣವಿಲ್ಲ, ದಾರಿಯಿಲ್ಲ, ಅದು ಅಸೂಟಿಯ ಯಾವ ಓಣಿಯಲ್ಲಿ ತಿರುಗೀತೆಂಬುದೂ ಹುಡುಗನಿಗೆ ತಿಳಿಯದು. ಅದು ಪರದೇಶದ ಚಿತ್ರಗಳಿಂದ ಕಡ ತಂದದ್ದು.

ಈ ದೋಷ ಆತನೊಬ್ಬನದಲ್ಲ. ನಮ್ಮ ರ‍್ಯಾಪ್ ಹಾಡುಗಳನ್ನು ಬಿಡುವು ಮಾಡಿಕೊಂಡು ಕೇಳಿದವರಿಗೆ ಇದು ಮೇಲಿಂದ ಮೇಲೆ ತಟ್ಟುತ್ತದೆ: ಕಷ್ಟ ಸ್ವಂತದ್ದು, ಗೆಲುವು ಎರವಲು. ಕಷ್ಟದ ಭಾಗದಲ್ಲಿ ವಸ್ತುಗಳಿಗೆ ಹೆಸರಿದೆ. ಗೆಲುವಿನ ಭಾಗದಲ್ಲಿ ಬರಿಯ ಬೆಲೆಯಿದೆ. ಹಲಗಲಿಯ ಲಾವಣಿಕಾರನನ್ನು ನೋಡಿ. ಊರು ಲೂಟಿಯಾದಾಗ ಹೋದದ್ದೇನೆಂದು ಆತ ಉಪ್ಪು ಎಣ್ಣೆಗಳಿಂದ ಹಿಡಿದು ಬೀಸುವ ಕಲ್ಲಿನವರೆಗೆ ಒಂದೊಂದಾಗಿ ಎಣಿಸುತ್ತಾನೆ. ಆ ಪಟ್ಟಿಯನ್ನು ಕೇಳುವಾಗ ಸುಟ್ಟ ಮನೆಯ ಒಳಗೇ ನಾವು ನಿಂತಂತಾಗುತ್ತದೆ. ಸೋಲಿನ ಪಟ್ಟಿಯನ್ನು ಇಷ್ಟು ನಿಷ್ಠೆಯಿಂದ ಮಾಡಿದಂತೆ ಗೆಲುವಿನ ಪಟ್ಟಿಯನ್ನೂ ಮಾಡಬಲ್ಲ ಹಾಡುಗಾರ ನಮ್ಮಲ್ಲಿ ಇನ್ನೂ ಬರಬೇಕಾಗಿದೆ. ಅವ್ವ ಕೂಲಿ ಬಿಟ್ಟ ಮೊದಲ ದಿನ ಮನೆಯಲ್ಲಿ ಏನು ಮಾಡಿದಳು? ಅದನ್ನು ಯಾರು ಹಾಡಿದ್ದಾರೆ?

ಎರವಲಿನ ಇನ್ನೊಂದು ಬಗೆಯೂ ಉಂಟು. 2020ರಲ್ಲಿ ಮಲೆಯ ಮಹದೇಶ್ವರನ ಜನಪದ ಹಾಡನ್ನು ಹೊಸ ತಾಳಕ್ಕೆ ಅಳವಡಿಸಿದ ‘ಕೋಲುಮಂಡೆ’ ದೃಶ್ಯಗೀತೆಯಲ್ಲಿ ಸಂಕಮ್ಮನನ್ನು ಚಿತ್ರಿಸಿದ ರೀತಿಗೆ ಭಕ್ತರು ಸಿಡಿದೆದ್ದರು. ಚಂದನ್ ಶೆಟ್ಟಿಯವರು ಕ್ಷಮೆ ಕೇಳಬೇಕಾಯಿತು. ಪರಂಪರೆಯನ್ನು ಮುಟ್ಟಲೇಬಾರದೆಂದು ನಾವು ಹೇಳುವವರಲ್ಲ. ಆದರೆ ಕಂಸಾಳೆಯವರು ಹರಕೆಯಾಗಿ ಹೊತ್ತು ತಿರುಗಿದ್ದನ್ನು ಅಲಂಕಾರವಾಗಿ ತೊಡುವವನು ಅದರ ಭಾರವನ್ನು ಒಮ್ಮೆ ತೂಗಿ ನೋಡಬೇಡವೆ? ಹೆಣ್ಣನ್ನು ಈ ಹಾಡುಗಳು ಕಾಣುವ ಬಗೆಯಂತೂ ಬೇಸರ ತರಿಸುವಂಥದು. ಕಲ್ಗಿಯ ಪಕ್ಷ ಹಿಡಿದು ಸಭೆಯ ನಡುವೆ ಹೆಣ್ಣಿನ ಹಿರಿಮೆಯನ್ನು ವಾದಿಸುತ್ತಿದ್ದ ನಾಡಿನಲ್ಲಿ, ಹೊಸ ಹಾಡಿನ ಹೆಣ್ಣಿಗೆ ಕುಣಿಯುವ ಕೆಲಸವನ್ನಷ್ಟೇ ಕೊಟ್ಟಿದ್ದಾರೆ. ಜವಾಬು ಕೊಡುವವಳಿಲ್ಲದ ಮೇಲೆ ಸವಾಲಿಗೆ ರುಚಿಯೇನು?

ಗೆಲುವನ್ನು ಬಯಸುವುದು ತಪ್ಪೆಂದು ಯಾರೂ ಭಾವಿಸಬಾರದು. ಇದೇ ರೋಣದಲ್ಲಿ 1922ರಲ್ಲಿ ಹುಟ್ಟಿದ ಬಾಲಕನೊಬ್ಬ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆಯನ್ನು ಕೇಳಿ ಹುಚ್ಚು ಹಿಡಿದವನಂತಾಗಿ, 1933ರಲ್ಲಿ ಮನೆ ಬಿಟ್ಟು, ಟಿಕೇಟಿಲ್ಲದೆ ರೈಲು ಹತ್ತಿ, ಗುರುವನ್ನು ಹುಡುಕುತ್ತ ಗ್ವಾಲಿಯರದವರೆಗೆ ಅಲೆದ. ಕೊನೆಗೆ ಗುರು ದೊರೆತದ್ದು ಮನೆಯ ಹತ್ತಿರದಲ್ಲೇ, ಕುಂದಗೋಳದಲ್ಲಿ. ಭೀಮಸೇನ ಜೋಶಿಯವರಿಗೆ 2008ರಲ್ಲಿ ಭಾರತರತ್ನ ಬಂದಾಗ ಎಲ್ಲರೂ ಬೀಗಿದೆವು. ಮನೆ ಬಿಟ್ಟ ಆ ಹನ್ನೊಂದರ ಹುಡುಗನನ್ನು ಅಂದು ಊರು ಏನೆಂದು ಕರೆದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಂದು ಧ್ವನಿಮುದ್ರಿಕೆಯ ತಟ್ಟೆ ಮಾಡಿದ ಕೆಲಸವನ್ನು ಇಂದು ಕೈಯೊಳಗಿನ ಮೊಬೈಲು ಮಾಡುತ್ತಿದೆ. ಆದರೆ ಆ ಬಾಲಕನಿಗೆ ದೊರೆತ ಗುರು, ವರ್ಷಗಟ್ಟಲೆಯ ನೀರು ಹೊರುವ ಸೇವೆ, ಬಯ್ಗುಳ, ಸಾಧನೆ ಇವು ಈ ಹುಡುಗರಿಗೆ ದೊರೆಯುತ್ತಿಲ್ಲ. ಹಾಕಿದ ಮರುಗಳಿಗೆಯಿಂದ ಎಷ್ಟು ಜನ ನೋಡಿದರೆಂಬ ಅಂಕಿ ಎದುರಿಗೆ ಕುಣಿಯತೊಡಗುತ್ತದೆ. ರಾಯಬಾಗ ತಾಲೂಕಿನ ನಿಪನಾಳದ ಮಾಳು ಎಂಬ ಜನಪದ ಹಾಡುಗಾರ ಚಾಲಕನ ಪ್ರೇಮದ ಒಂದು ಹಾಡಿನಿಂದ ನಾಡೆಲ್ಲ ಹೆಸರಾಗಿ, 2025ರಲ್ಲಿ ದೂರದರ್ಶನದ ದೊಡ್ಡ ಆಟದ ಮನೆಯನ್ನೂ ಹೊಕ್ಕದ್ದನ್ನು ಕಂಡ ಮೇಲೆ, ಈ ಭಾಗದ ಪ್ರತಿ ಊರಿನ ಹುಡುಗನ ಕಣ್ಣೂ ಆ ಅಂಕಿಯ ಮೇಲೆ ನೆಟ್ಟಿದೆ. ಆತನನ್ನು ಕಂಡು ಕರುಬಬೇಕಾಗಿಲ್ಲ. ಅಂಕಿ ಏರದ ನೂರಾರು ಹುಡುಗರ ಗತಿಯೇನೆಂಬುದು ಮಾತ್ರ ನಮ್ಮ ಚಿಂತೆ.

ಹಾಡಬೇಕಾದ ವಸ್ತುವಿಗೆ ಇಲ್ಲಿ ಕೊರತೆಯೆ? 1980ರ ಜುಲೈಯಲ್ಲಿ ನರಗುಂದ ನವಲಗುಂದಗಳ ರೈತರು ಗುಂಡಿಗೆ ಎದೆಯೊಡ್ಡಿದ ನೆಲವಿದು. 2015ರಿಂದ ಮಹದಾಯಿಯ ನೀರಿಗಾಗಿ ನರಗುಂದದಲ್ಲಿ ಧರಣಿ ಕುಳಿತವರನ್ನು ಕಂಡ ನೆಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಮೆಣಸಗಿ, ಹೊಳೆಆಲೂರು, ಕೊಣ್ಣೂರುಗಳ ಮನೆಗಳೊಳಗೆ ನುಗ್ಗಿದ್ದಳು. ನೀರಿಲ್ಲವೆಂದು ಹೋರಾಡಿದವರ ಮನೆಗಳನ್ನು ನೀರೇ ತೊಳೆದ ಈ ವಿಪರೀತಕ್ಕಿಂತ ದೊಡ್ಡ ಪ್ರಾಸ ಯಾವ ಕವಿಗೆ ಬೇಕು?

ಆ ವಿದ್ಯಾರ್ಥಿಯ ಉತ್ತರಪತ್ರಿಕೆಯ ಕೆಂಪು ಗೆರೆಯನ್ನು ಅಳಿಸಲು ಬರುವಂತಿಲ್ಲ. ಬದಲಿಗೆ ಒಂದು ಕೆಲಸ ಮಾಡಿದೆವು. ಆತನ ಮುತ್ಯಾ ಗೀಗೀ ಮೇಳದಲ್ಲಿ ಡಪ್ಪು ಬಾರಿಸುತ್ತಿದ್ದನೆಂದೂ, ಹೊಟ್ಟೆಗೆ ಹತ್ತದ ವಿದ್ಯೆ ಬೇಡವೆಂದು ಮಗನಿಗೆ ಅದನ್ನು ಕಲಿಸಲಿಲ್ಲವೆಂದೂ ತಿಳಿಯಿತು. ಕಾಲೇಜಿನ ಸ್ನೇಹಸಮ್ಮೇಳನದಲ್ಲಿ ಮುತ್ಯಾ ಮೊಮ್ಮಗ ಇಬ್ಬರೂ ಒಂದೇ ವೇದಿಕೆಯ ಮೇಲೆ ಎದುರುಬದರು ಹಾಡಲಿ, ಸಂಭಾವನೆ ಮೊದಲು ಹಿರಿಯನ ಕೈಗೆ ಸೇರಲಿ ಎಂದು ಹೇಳಿಕಳಿಸಿದೆವು. ತಾಲೂಕಿನ ಉಳಿದ ಕಾಲೇಜುಗಳೂ ತಮ್ಮ ತಮ್ಮ ಊರಿನ ಮೇಳಗಳನ್ನು ಹೀಗೆ ಕರೆಯಬಹುದು. ಅಂಥ ಹಿರಿಯರು ಇನ್ನು ಎಷ್ಟು ವರ್ಷ ಸಿಕ್ಕಾರು? ಹುಡುಗ ಮುತ್ಯಾನ ಉತ್ತರ ತಂದಿದ್ದಾನೆ. ಡಪ್ಪಿನ ಚರ್ಮ ಹರಿದು ಹನ್ನೆರಡು ವರ್ಷವಾಯಿತಂತೆ. ಬರಲು ತಕರಾರಿಲ್ಲ, ಹೊಸ ಚರ್ಮ ಹಾಕಿಸುವ ರೊಕ್ಕ ಯಾರು ಕೊಡುತ್ತಾರೆಂದು ಕೇಳಿಕಳಿಸಿದ್ದಾನೆ.